ಸನ್ಯಾಸಿ ಏಡಿಗಳ ಕಾದಾಟ: ಕೊಡಗಿನ ಮನೆಗಳಲ್ಲಿ ದೋಷ ಹುಡುಕುವ ಬಗೆ

ಬೆಳಿಗ್ಗೆ ಗಾಜಿನ ತೊಟ್ಟಿಯ ಮುಚ್ಚಳ ಸರಿಸಿದಾಗ ಮರಳಿನ ಮೇಲೆ ಏಡಿಯ ಒಂದು ಕಾಲು ಬಿದ್ದಿರುವುದು ಕಂಡರೆ, ಸಾಕಿದವರ ಸಂಶಯ ಮೊದಲು ಹೋಗುವುದು ತೊಟ್ಟಿಯಲ್ಲಿರುವ ಅತಿ ದೊಡ್ಡ ಏಡಿಯ ಮೇಲೆ. ಮಡಿಕೇರಿಯ ನಮ್ಮ ಮನೆಯಲ್ಲಿ, ಖಾಲಿ ಶಂಖದೊಳಗೆ ಮೈ ಅಡಗಿಸಿ ಅದನ್ನು ಹೊತ್ತು ತಿರುಗುವ ಸನ್ಯಾಸಿ ಏಡಿಗಳು (ಹರ್ಮಿಟ್ ಕ್ರ್ಯಾಬ್) ಐದು ಇದ್ದಾಗ, ಒಂದು ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನನಗೂ ಹಾಗೆಯೇ ಆಯಿತು. ದೊಡ್ಡದನ್ನು ಹಿಡಿದು ಬೇರೊಂದು ಡಬ್ಬಿಗೆ ಹಾಕಿ, ಪೀಡೆ ತೊಲಗಿತೆಂದು ನಿಶ್ಚಿಂತೆಯಿಂದ ಇದ್ದೆ. ನಾಲ್ಕನೆಯ ರಾತ್ರಿ ನೋಡಿದರೆ, ಅದುವರೆಗೆ ಯಾರ ತಂಟೆಗೂ ಹೋಗದೆ ತೆಂಗಿನ ಕರಟದ ಗೂಡಿನಲ್ಲಿ ಮುದುಡಿಕೊಂಡಿರುತ್ತಿದ್ದ ಇನ್ನೊಂದು ಏಡಿ, ಗಾಯಗೊಂಡ ಸಣ್ಣದರ ಶಂಖದ ಬಾಯಿಗೆ ತನ್ನ ಇಕ್ಕಳಗಾಲನ್ನು ತೂರಿಸಿ ಎಳೆಯುತ್ತಿತ್ತು. ಸಾಧು ಏಡಿಯೂ ಹೀಗೆ ತಿರುಗಿಬಿದ್ದ ಮೇಲೆ, ತಪ್ಪು ಏಡಿಗಳಲ್ಲಿ ಇಲ್ಲ, ತೊಟ್ಟಿಯಲ್ಲೇ ಏನೋ ಇದೆ ಎಂದು ನನಗೆ ತಡವಾಗಿ ಹೊಳೆಯಿತು. ತೊಟ್ಟಿಯ ಹಿಂಬದಿಗೆ ಅಂದಕ್ಕೆಂದು ಅಂಟಿಸಿದ್ದ ಕಪ್ಪು ಕಾಗದವನ್ನು ಕಿತ್ತಾಗ, ಮರಳಿನ ತಳದಲ್ಲಿ ಎರಡು ಬೆರಳಿನಷ್ಟು ಎತ್ತರಕ್ಕೆ ನೀರು ನಿಂತಿರುವುದು ಕಂಡಿತು. ಪೊರೆ ಬಿಡಲೆಂದು ಆಳಕ್ಕೆ ಇಳಿದಿದ್ದ ಸಣ್ಣ ಏಡಿಯು ನೀರು ತಾಗಿದ್ದರಿಂದ ಕೆಲಸ ಅರ್ಧಕ್ಕೆ ಬಿಟ್ಟು ಮೇಲೆ ಬಂದಿತ್ತು. ಮೈ ಇನ್ನೂ ಮೆತ್ತಗಿದ್ದ ಅದರ ವಾಸನೆಗೆ ಉಳಿದವು ಮುತ್ತಿದ್ದವು.

ಆಮೇಲಿನ ವರ್ಷಗಳಲ್ಲಿ ನನ್ನ ತೊಟ್ಟಿಯಲ್ಲಿಯೂ ಪರಿಚಯದವರ ತೊಟ್ಟಿಗಳಲ್ಲಿಯೂ ನಡೆದ ಕಾದಾಟಗಳನ್ನು ಹಿಂದಿನಿಂದ ಮುಂದಕ್ಕೆ ಬಿಡಿಸಿ ನೋಡಿದಾಗ, ಹೆಚ್ಚಿನವು ಕೆಲವೇ ಕಾರಣಗಳಿಗೆ ಬಂದು ನಿಂತವು. ಕಾದಾಟವನ್ನು ನಾನು ಜ್ವರವನ್ನು ಕಂಡಂತೆ ಕಾಣುತ್ತೇನೆ. ಕಚ್ಚಿದ ಏಡಿಯನ್ನು ಬೇರ್ಪಡಿಸುವುದು ಹಣೆಗೆ ಒದ್ದೆಬಟ್ಟೆ ಹಾಕಿದಂತೆ; ಆ ಹೊತ್ತಿಗೆ ಅದು ಬೇಕಾಗಬಹುದು, ಆದರೆ ಕಾರಣ ಉಳಿದಿದ್ದರೆ ಇನ್ನೊಂದು ಏಡಿ ಆ ಜಾಗಕ್ಕೆ ಬರುತ್ತದೆ.

ಮೊದಲ ಪ್ರಶ್ನೆ: ಇದು ಕಾದಾಟವೇ?

ಸನ್ಯಾಸಿ ಏಡಿಗಳು ರಾತ್ರಿ ಓಡಾಡುವ ಜೀವಿಗಳು. ಹಗಲಿನಲ್ಲಿ ಕಂಡ ಗಾಯವನ್ನು ನೋಡಿ ತೀರ್ಪು ಕೊಡುವ ಬದಲು, ಟಾರ್ಚಿನ ಗಾಜಿಗೆ ಕೆಂಪು ಬಣ್ಣದ ಗ್ಲಾಸ್ ಪೇಪರ್ ಸುತ್ತಿ, ಎರಡು ರಾತ್ರಿಯಾದರೂ ಒಂದೊಂದು ಗಂಟೆ ಸುಮ್ಮನೆ ಕುಳಿತು ನೋಡಬೇಕು. ಎರಡು ಏಡಿಗಳು ಎದುರಾಗಿ ಮೀಸೆಗಳನ್ನು ಪಟಪಟನೆ ತಾಗಿಸುವುದು, ಒಂದು ಇನ್ನೊಂದರ ಶಂಖದ ಮೇಲೆ ಹತ್ತಿ ದಾಟಿಹೋಗುವುದು, ನಡೆಯುವ ಕಾಲಿನಿಂದ ಪಕ್ಕಕ್ಕೆ ತಳ್ಳುವುದು, ಕೆಲವೊಮ್ಮೆ ಸಣ್ಣ ಕಪ್ಪೆಯಂತೆ ಚಿರ್ರೆಂದು ಸದ್ದು ಮಾಡುವುದು, ಇವೆಲ್ಲ ಅವುಗಳ ದಿನನಿತ್ಯದ ವ್ಯವಹಾರ. ಸಂತೆಯ ಜನಸಂದಣಿಯಲ್ಲಿ ಭುಜಕ್ಕೆ ಭುಜ ತಾಗಿದಷ್ಟೇ ಅದರ ಬೆಲೆ. ಅಲ್ಲಿ ಕೈ ಹಾಕುವ ಅಗತ್ಯವಿಲ್ಲ.

ಗಂಭೀರವಾದದ್ದು ಬೇರೆ ರೀತಿ ಕಾಣುತ್ತದೆ. ಒಂದು ಏಡಿ ಇನ್ನೊಂದರ ಶಂಖವನ್ನು ಎಲ್ಲ ಕಾಲುಗಳಿಂದಲೂ ತಬ್ಬಿ ಹಿಡಿದು, ಮಗುಚಿ, ಹಿಂದಕ್ಕೂ ಮುಂದಕ್ಕೂ ಅಲುಗಿಸುತ್ತದೆ, ಒಳಗಿರುವುದು ದೊಡ್ಡ ಇಕ್ಕಳಗಾಲನ್ನು ಬಾಗಿಲಿನಂತೆ ಅಡ್ಡ ಹಿಡಿದು ಮುದುಡುತ್ತದೆ, ಹಿಡಿದದ್ದು ಬಿಡುವುದಿಲ್ಲ. ಇದು ಶಂಖಕ್ಕಾಗಿ ನಡೆಯುವ ಕಾದಾಟ. ಇದಕ್ಕಿಂತ ಅಪಾಯದ ದೃಶ್ಯವೊಂದಿದೆ, ಆದರೆ ನೋಡುವುದಕ್ಕೆ ಅದು ಕಾದಾಟದಂತೆ ಕಾಣುವುದೇ ಇಲ್ಲ: ಎರಡು ಮೂರು ಏಡಿಗಳು ಒಂದೇ ಜಾಗದಲ್ಲಿ ಮರಳನ್ನು ಕೆರೆದು ಕೆಳಕ್ಕೆ ಇಳಿಯಲು ನೋಡುತ್ತಿರುತ್ತವೆ. ಅಲ್ಲಿ ಕೆಳಗೆ ಪೊರೆ ಬಿಡುತ್ತಿರುವ ಏಡಿಯೊಂದು ಇರುವ ಸಾಧ್ಯತೆ ಹೆಚ್ಚು.

ಬಿದ್ದ ಕಾಲನ್ನೂ ಎಸೆಯುವ ಮುನ್ನ ಪರೀಕ್ಷಿಸಬೇಕು. ಏಡಿಗಳು ತೀವ್ರ ಒತ್ತಡದಲ್ಲಿ, ವಿಷ ತಾಗಿದಾಗ, ಒಣಗಿದಾಗ ತಾವಾಗಿಯೇ ಕಾಲು ಕಳಚಿಕೊಳ್ಳುತ್ತವೆ. ಹಾಗೆ ಕಳಚಿದ ಕಾಲು ಮೈಗೆ ಹತ್ತಿರದ ಕೀಲಿನಲ್ಲಿ ನೇರವಾಗಿ, ಇಡಿಯಾಗಿ ಬಂದಿರುತ್ತದೆ. ಜಗಿದ ಗುರುತು, ಅರ್ಧಕ್ಕೆ ಮುರಿದ ತುಂಡು, ಒಳಗಿನ ಮಾಂಸ ಖಾಲಿಯಾಗಿರುವುದು ಕಂಡರೆ ಇನ್ನೊಂದು ಏಡಿ ಕೈಹಾಕಿದೆ ಎನ್ನಬಹುದು, ಆದರೂ ಕಳಚಿ ಬಿದ್ದ ಕಾಲನ್ನು ಉಳಿದವು ನಂತರ ತಿಂದಿರಬಹುದು ಎಂಬುದನ್ನು ಮರೆಯಬಾರದು. ಒಂದಕ್ಕಿಂತ ಹೆಚ್ಚು ಏಡಿಗಳು ಒಂದೇ ವಾರದಲ್ಲಿ ಇಡೀ ಕಾಲುಗಳನ್ನು ಕಳಚುತ್ತಿದ್ದರೆ ಕಾದಾಟದ ಮಾತನ್ನು ಬದಿಗಿಟ್ಟು, ಮುಂದೆ ಹೇಳಿರುವ ತಾಮ್ರದ ವಿಷಯಕ್ಕೆ ನೇರವಾಗಿ ಹೋಗಬೇಕು. ಕಳೆದುಹೋದ ಕಾಲಿನ ಬಗ್ಗೆ ಅತಿಯಾಗಿ ಮರುಗಬೇಕಾಗಿಲ್ಲ. ಏಡಿ ಬದುಕಿ ಉಳಿದರೆ ಮುಂದಿನ ಪೊರೆಗಳಲ್ಲಿ ಅದು ಮತ್ತೆ ಬೆಳೆಯುತ್ತದೆ.

ಇಲ್ಲಿ ಇನ್ನೊಂದು ಮಾತು ಹೇಳಿಬಿಡುತ್ತೇನೆ. ವಿರಾಜಪೇಟೆ ಕಡೆಯವರು ಮಾಕುಟ್ಟ ಘಾಟಿ ಇಳಿದು ಕಣ್ಣೂರಿನ ಕಡಲತೀರಕ್ಕೆ ಹೋದಾಗ, ಮಡಿಕೇರಿಯವರು ಸಂಪಾಜೆ ದಾಟಿ ಮಂಗಳೂರಿಗೆ ಹೋದಾಗ, ಮಕ್ಕಳು ಬಂಡೆಗಳ ನಡುವಿನ ನೀರಿನಿಂದ ಶಂಖದೊಳಗಿನ ಏಡಿಗಳನ್ನು ಬಾಟಲಿಯಲ್ಲಿ ತುಂಬಿಕೊಂಡು ಬರುವುದುಂಟು. ಅವು ಸಮುದ್ರದ ನೀರಿನಲ್ಲೇ ಬದುಕುವ ಜಾತಿಗಳು. ಮರಳಿನ ತೊಟ್ಟಿಯಲ್ಲಿ ಅವು ಕಾದಾಡುವುದಕ್ಕೂ ಮೊದಲೇ ಸಾಯುತ್ತವೆ. ಈ ಬರಹವಿರುವುದು ಸೀನೊಬಿಟಾ ಕುಲದ ನೆಲವಾಸಿ ಏಡಿಗಳ ಬಗ್ಗೆ ಮಾತ್ರ. ಇವು ಗಾಳಿಯಿಂದ ಉಸಿರಾಡುತ್ತವೆ, ಆದರೆ ಕಿವಿರುಗಳು ಸದಾ ತೇವವಾಗಿರಬೇಕು.

ಹಿಡಿದಾಟ ಕಣ್ಣೆದುರೇ ನಡೆಯುತ್ತಿದ್ದರೆ

ಎಳೆಯಬಾರದು. ಒಳಗಿರುವ ಏಡಿ ಶಂಖವನ್ನು ಬಿಡುವ ಬದಲು ಮೈ ಹರಿದುಹೋಗಲು ಒಪ್ಪುತ್ತದೆ. ಕ್ಲೋರಿನ್ ಇಲ್ಲದ ಉಗುರುಬೆಚ್ಚಗಿನ ನೀರನ್ನು ಎರಡರ ಮೇಲೂ ಚಿಮುಕಿಸಿದರೆ ಬಹಳಷ್ಟು ಸಲ ಹಿಡಿತ ಸಡಿಲುತ್ತದೆ. ಆಗ ಮೇಲೆ ಕೂತಿರುವುದನ್ನು ಶಂಖದಿಂದ ಹಿಡಿದೆತ್ತಿ ಬೇರೆ ಕಡೆ ಇಡಬೇಕು. ಈಗಾಗಲೇ ಶಂಖ ಕಳೆದುಕೊಂಡು ಬರಿಮೈಯಲ್ಲಿ ಇರುವ ಏಡಿ ಸಿಕ್ಕಿದರೆ, ಸಣ್ಣ ಬಟ್ಟಲಿನಲ್ಲಿ ಸಮುದ್ರದ ಉಪ್ಪಿನ ನೀರನ್ನು ಒಂದು ಬೆರಳಿನಷ್ಟು ಹಾಕಿ, ಸರಿಹೊಂದುವ ಎರಡು ಮೂರು ಶಂಖಗಳ ಜೊತೆಗೆ ಅದನ್ನು ಅಲ್ಲಿಟ್ಟು, ಬಟ್ಟೆ ಮುಚ್ಚಿ ಕತ್ತಲೆ ಮಾಡಿ, ನೋಡುವ ಆಸೆಯನ್ನು ತಡೆದುಕೊಂಡು ಆಚೆ ಹೋಗಬೇಕು. ಆ ಹೊತ್ತಿನಲ್ಲಿ ಮುಚ್ಚಳ ಎತ್ತಿ ಎತ್ತಿ ನೋಡುವ ಮನುಷ್ಯನಷ್ಟು ಕೆಟ್ಟ ವೈರಿ ಆ ಏಡಿಗೆ ಬೇರೆ ಇಲ್ಲ.

ಮಳೆಗಾಲದಲ್ಲಿ ಮೊದಲು ನೋಡಬೇಕಾದದ್ದು ಮರಳಿನ ತಳ

ಬೇರೆ ಊರಿನವರು ಬರೆದ ಸೂಚನೆಗಳನ್ನು ಓದಿ ಕೊಡಗಿನಲ್ಲಿ ಏಡಿ ಸಾಕುವವರು ಎಡವುವುದು ಇಲ್ಲಿಯೇ. ತೊಟ್ಟಿಗೆ ದಿನವೂ ನೀರು ಸಿಂಪಡಿಸಬೇಕು ಎಂಬ ಮಾತು ಒಣ ಹವೆಯ ಊರುಗಳಿಗೆ ಹೇಳಿದ್ದು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಆ ತಿಂಗಳುಗಳಲ್ಲಿ ನಮ್ಮ ಗೋಡೆಗಳೇ ಬೆವರುತ್ತವೆ, ಕಪಾಟಿನ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಅಂಥ ಹವೆಯಲ್ಲಿ ಮುಚ್ಚಿದ ತೊಟ್ಟಿಗೆ ಚಿಮುಕಿಸಿದ ನೀರು ಆರಿಹೋಗಲು ದಾರಿಯಿಲ್ಲ. ಗಾಜಿನ ಒಳಮೈಯಲ್ಲಿ ಹನಿಗಟ್ಟಿ, ಇಳಿದು, ಮರಳಿನ ಕೆಳಗೆ ಸೇರುತ್ತದೆ. ಮೇಲಿನ ಮರಳು ಎಂದಿನಂತೆಯೇ ಕಾಣುತ್ತಿರುತ್ತದೆ, ಆದ್ದರಿಂದ ಯಾರಿಗೂ ಸಂಶಯ ಬರುವುದಿಲ್ಲ.

ಏಡಿ ದೊಡ್ಡದಾಗಬೇಕಾದರೆ ಹಳೆಯ ಹೊರಕವಚವನ್ನು ಕಳಚಬೇಕು. ಅದಕ್ಕಾಗಿ ಅದು ಮರಳಿನಲ್ಲಿ ತೂರಿ ಕೆಳಗೆ ಒಂದು ಗುಹೆಯಂಥ ಜಾಗ ಮಾಡಿಕೊಂಡು ಕತ್ತಲೆಯಲ್ಲಿ ಕೂರುತ್ತದೆ. ಸಣ್ಣವಕ್ಕೆ ಕೆಲವು ವಾರ, ದೊಡ್ಡವಕ್ಕೆ ಎರಡು ಮೂರು ತಿಂಗಳು ಅಥವಾ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ. ಪೊರೆ ಬಿಟ್ಟ ಮೇಲೆ ಮೈ ಗಟ್ಟಿಯಾಗುವ ತನಕ ಅದು ಬೆಣ್ಣೆಯಂತೆ ಮೆತ್ತಗಿರುತ್ತದೆ, ಕಳಚಿದ ಕವಚವನ್ನೇ ತಿಂದು ಸುಣ್ಣದ ಅಂಶವನ್ನು ಮರಳಿ ಪಡೆಯುತ್ತದೆ. ತಳದಲ್ಲಿ ನೀರು ನಿಂತರೆ ಆ ಗುಹೆ ಕುಸಿಯುತ್ತದೆ ಅಥವಾ ಏಡಿ ಮುಳುಗುತ್ತದೆ. ಮೇಲೆ ಬಂದರೆ ಉಳಿದವರ ಬಾಯಿಗೆ ಸಿಗುತ್ತದೆ.

ಉಳಿದವು ಯಾಕೆ ಹೀಗೆ ಮುತ್ತುತ್ತವೆ ಎಂಬುದಕ್ಕೆ ಒಂದು ಹಿನ್ನೆಲೆ ಇದೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಲಿಯಾ ವಾಲ್ಡೆಸ್ ಮತ್ತು ಮಾರ್ಕ್ ಲೈಡರ್ ಕೋಸ್ಟರಿಕದ ಕಡಲತೀರದಲ್ಲಿ ಸನ್ಯಾಸಿ ಏಡಿಯ ಮಾಂಸದ ತುಣುಕುಗಳನ್ನು ಕೊಳವೆಗಳಲ್ಲಿ ಇಟ್ಟು ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮದೇ ಜಾತಿಯ ಮಾಂಸದ ವಾಸನೆಗೆ ನೆಲವಾಸಿ ಏಡಿಗಳು ಹಿಂಡುಹಿಂಡಾಗಿ ಬಂದು ಸೇರಿದವು. ಸತ್ತ ಏಡಿಯೆಂದರೆ ಖಾಲಿಯಾದ ಶಂಖ ಎಂದು ಅವುಗಳ ಲೆಕ್ಕ. ಪೊರೆ ಬಿಟ್ಟ ಮೆತ್ತಗಿನ ಏಡಿ, ಗಾಯಗೊಂಡ ಏಡಿ, ಸತ್ತ ಏಡಿ, ಇವುಗಳ ನಡುವೆ ಮೂಗಿಗೆ ಹೆಚ್ಚು ವ್ಯತ್ಯಾಸ ಇಲ್ಲದಿರಬಹುದು ಎಂದು ನನ್ನ ತರ್ಕ. ತೊಟ್ಟಿಯೊಳಗೆ ಓಡಿ ತಪ್ಪಿಸಿಕೊಳ್ಳಲು ಜಾಗವೂ ಇಲ್ಲ.

ಪರೀಕ್ಷೆ ಸುಲಭ. ತೊಟ್ಟಿಯ ನಾಲ್ಕೂ ಬದಿಯ ಕಾಗದ, ಬಟ್ಟೆ ತೆಗೆದು ತಳದ ಅಂಚನ್ನು ಬೆಳಕು ಬಿಟ್ಟು ನೋಡಬೇಕು. ಒದ್ದೆ ಮರಳು ಒಂದೇ ಕಂದು ಬಣ್ಣವಾಗಿ ಕಾಣುತ್ತದೆ. ನಿಂತ ನೀರು ಗಾಜಿಗೆ ಅಂಟಿದ ಕರಿಯ ಪಟ್ಟಿಯಾಗಿ, ತೊಟ್ಟಿಯನ್ನು ಸ್ವಲ್ಪ ಓರೆ ಮಾಡಿದಾಗ ಒಂದು ಮೂಲೆಗೆ ಹರಿಯುವಂತೆ ಕಾಣುತ್ತದೆ. ಮರಳು ಹೇಗಿರಬೇಕೆಂದರೆ, ಮುಷ್ಟಿಯಲ್ಲಿ ಒತ್ತಿ ಬಿಟ್ಟಾಗ ಉಂಡೆ ಒಡೆಯಬಾರದು, ಬೆರಳ ಸಂದಿಯಿಂದ ನೀರು ಸಹ ಒಸರಬಾರದು. ಜರಡಿ ಹಿಡಿದು ತೊಳೆದ ನದಿಯ ಮರಳು ಐದು ಪಾಲು, ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿ ಒಂದು ಪಾಲು, ಇದು ನನಗೆ ಒಗ್ಗಿದ ಅಳತೆ. ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡ್‌ನ ಕಣಗಳು ಚೂಪಾಗಿರುವುದರಿಂದ ನಾನು ಅದನ್ನು ಒಲ್ಲೆ. ಆಳ ಕನಿಷ್ಠ 15 ಸೆಂಟಿಮೀಟರ್, ಅಥವಾ ದೊಡ್ಡ ಏಡಿಯ ಶಂಖದ ಎತ್ತರದ ಮೂರರಷ್ಟು, ಇವೆರಡರಲ್ಲಿ ಯಾವುದು ಹೆಚ್ಚೋ ಅದು.

ನೀರು ಕಂಡರೆ ಮರಳನ್ನೆಲ್ಲ ತೋಡಿ ಹೊರಹಾಕುವ ಆತುರ ಬೇಡ. ಕೆಳಗೆ ಇನ್ನೊಂದು ಏಡಿ ಪೊರೆ ಬಿಡುತ್ತಿರಬಹುದು. ಮೂಲೆಯಲ್ಲಿ, ಯಾವ ಏಡಿಯೂ ಕೆಳಗಿಲ್ಲವೆಂದು ಖಚಿತವಾದ ಕಡೆ, ಬೆರಳುಗಾತ್ರದ ಪಿವಿಸಿ ಕೊಳವೆಯನ್ನು ತಳದವರೆಗೆ ಇಳಿಸಿ, ಒಳಗಿನ ಮರಳನ್ನು ತೆಗೆದು, ಅದರೊಳಗೆ ಸೇರುವ ನೀರನ್ನು ಸೂಜಿಯಿಲ್ಲದ ದೊಡ್ಡ ಸಿರಿಂಜಿಗೆ ತೆಳುವಾದ ನಳಿಕೆ ಸಿಕ್ಕಿಸಿ ಎರಡು ಮೂರು ದಿನ ಎಳೆಯಬೇಕು. ನಾನು ಅಂದು ಹೀಗೆ ಎಳೆದ ನೀರು ಒಂದೂವರೆ ಲೀಟರಿನಷ್ಟಾಯಿತು. ಆ ಕೊಳವೆಯನ್ನು ತೆಗೆಯದೆ ಅಲ್ಲೇ ಬಿಟ್ಟಿದ್ದೇನೆ; ಪ್ರತಿ ಮಳೆಗಾಲದಲ್ಲಿ ವಾರಕ್ಕೊಮ್ಮೆ ಒಂದು ಬಿದಿರಿನ ಸೀಳನ್ನು ಅದರೊಳಗೆ ಇಳಿಸಿ, ಎಂಜಿನ್ ಎಣ್ಣೆ ನೋಡುವಂತೆ ಎಷ್ಟು ಒದ್ದೆಯಾಗಿದೆ ಎಂದು ನೋಡುತ್ತೇನೆ.

ಮೇಲೆ ಬಂದುಬಿಟ್ಟ ಮೆತ್ತಗಿನ ಏಡಿಯನ್ನು ಕೈಯಿಂದ ಎತ್ತಬಾರದು. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಕತ್ತು ಮತ್ತು ತಳ ಎರಡನ್ನೂ ಕತ್ತರಿಸಿ, ಆ ಕೊಳವೆಯನ್ನು ಏಡಿಯ ಸುತ್ತ ಬರುವಂತೆ ಮರಳಿನಲ್ಲಿ ಆಳಕ್ಕೆ ಒತ್ತಿ, ಮೇಲಿನ ಬಾಯಿಗೆ ತೂತು ತೂತಿನ ಬಟ್ಟೆ ಕಟ್ಟಿ, ಕಳಚಿದ ಪೊರೆಯನ್ನು ಅದರ ಪಕ್ಕದಲ್ಲೇ ಬಿಡಬೇಕು. ಕಸ ಎಂದು ಪೊರೆಯನ್ನು ಎತ್ತಿ ಬಿಸಾಡಿದವರು ಆ ಏಡಿಯ ಊಟವನ್ನೇ ಕಸಿದಂತೆ. ಹೊರಗೆ ಬಿದ್ದದ್ದು ಪೊರೆಯೋ ಸತ್ತ ಏಡಿಯೋ ಎಂಬ ಗೊಂದಲವಿದ್ದರೆ ಹಗುರವಾಗಿ ಎತ್ತಿ ನೋಡಬಹುದು: ಪೊರೆ ಟೊಳ್ಳು, ಕಾಗದದಂತೆ ಹಗುರ, ಹೆಣವಾದರೆ ಒಂದೆರಡು ದಿನದಲ್ಲಿ ಕೊಳೆತ ಮೀನಿನ ನಾತ ತಾನೇ ಹೇಳುತ್ತದೆ.

ಶಂಖದ ಲೆಕ್ಕ

ತಳ ಸರಿಯಾಗಿದ್ದೂ ಹಿಡಿದಾಟ ನಡೆಯುತ್ತಿದ್ದರೆ ಮುಂದಿನ ಸಂಶಯ ಶಂಖದ ಮೇಲೆ. ಇಲ್ಲಿ ಜನರು ಎಣಿಸುತ್ತಾರೆ, ಅಳೆಯುವುದಿಲ್ಲ. ಒಂದು ಏಡಿಗೆ ಮೂರರಿಂದ ಐದು ಖಾಲಿ ಶಂಖ ಇರಬೇಕೆಂಬ ನಿಯಮವನ್ನು ಕೇಳಿ, ಪ್ರವಾಸಿ ಅಂಗಡಿಯಿಂದ ಒಂದು ಚೀಲ ಶಂಖ ತಂದು ಸುರಿಯುತ್ತಾರೆ. ಅವುಗಳಲ್ಲಿ ಅರ್ಧ ಬಣ್ಣ ಬಳಿದವು, ಕಾಲುಭಾಗ ಕಿರಿದಾದ ಸೀಳಿನಂಥ ಬಾಯಿಯವು. ಏಡಿ ನೋಡುವುದು ಬಾಯಿಯ ಆಕಾರವನ್ನು, ಒಳಗಿನ ಜಾಗವನ್ನು ಮತ್ತು ತೂಕವನ್ನು. ಶಂಖದ ಬಾಯಿಯ ಅಗಲವು ಏಡಿಯ ಎಡಗಡೆಯ ದೊಡ್ಡ ಇಕ್ಕಳಗಾಲಿನ ಅಗಲದಷ್ಟು ಅಥವಾ ಅದಕ್ಕಿಂತ ಒಂದೆರಡು ಮಿಲಿಮೀಟರ್ ಹೆಚ್ಚು ಇರಬೇಕು. ವರ್ನಿಯರ್ ಕ್ಯಾಲಿಪರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಶಾಲೆಯ ಸ್ಕೇಲ್ ಸಾಕು. ಯಾವ ಏಡಿ ಯಾವ ಶಂಖದಲ್ಲಿದೆ, ಬಾಯಿ ಎಷ್ಟು, ದುಂಡಗಿದೆಯೋ ಉದ್ದವಾಗಿದೆಯೋ ಎಂದು ಒಂದು ಹಾಳೆಯಲ್ಲಿ ಬರೆದಾಗ, ಬಹಳ ಸಲ ಉತ್ತರ ಆ ಹಾಳೆಯಲ್ಲೇ ಕಾಣುತ್ತದೆ: ಜಗಳದ ಎರಡೂ ಏಡಿಗಳ ಅಳತೆ ಒಂದೇ ಆಗಿದ್ದು, ಆ ಅಳತೆಯ ದುಂಡು ಬಾಯಿಯ ಶಂಖ ಇಡೀ ತೊಟ್ಟಿಯಲ್ಲಿ ಒಂದೇ ಒಂದು ಇರುತ್ತದೆ, ಅದನ್ನು ಅವುಗಳಲ್ಲೊಂದು ಹೊತ್ತುಕೊಂಡಿರುತ್ತದೆ.

ಹೊಸ ಶಂಖ ರಾಶಿ ಇದ್ದರೂ ಕಾದಾಟ ನಿಲ್ಲದಿದ್ದಾಗ ಜನರು ಬೇಸರಪಡುತ್ತಾರೆ. ಮಾರ್ಕ್ ಲೈಡರ್ ಅವರೇ 2012ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಇದಕ್ಕೆ ಬೆಳಕು ಕೊಡುತ್ತದೆ. ನೆಲವಾಸಿ ಸನ್ಯಾಸಿ ಏಡಿಗಳು ತಾವು ಹೊತ್ತ ಶಂಖವನ್ನು ಒಳಗಿನಿಂದ ಸವೆಸಿ, ನಡುವಿನ ತಿರುಚುಕಂಬವನ್ನು ಕೆರೆದು, ಬಾಯಿಯನ್ನು ಅಗಲಿಸಿ, ಹಗುರವೂ ವಿಶಾಲವೂ ಆದ ಮನೆಯನ್ನಾಗಿ ಮಾಡಿಕೊಳ್ಳುತ್ತವೆ. ಹೀಗೆ ಹದಗೊಂಡ ಹಳೆಯ ಶಂಖವೇ ಅವುಗಳಿಗೆ ಬೇಕು, ಅದು ಇರುವುದು ಇನ್ನೊಂದು ಏಡಿಯ ಬೆನ್ನ ಮೇಲೆ. ಹೊಸದಾಗಿ ಕಟ್ಟಿದ ಮನೆಯ ಪಕ್ಕದಲ್ಲೇ ಹಳೆಯ ಐನ್‌ಮನೆಯ (ಕುಟುಂಬದ ಮೂಲಮನೆಯ) ಪಾಲಿಗಾಗಿ ನ್ಯಾಯ ನಡೆಯುವುದನ್ನು ಕಂಡ ನಮಗೆ ಇದು ಅಷ್ಟೇನೂ ವಿಚಿತ್ರವಲ್ಲ. ಹಾಗಾಗಿ ಏಡಿಗಳು ಬಿಟ್ಟುಹೋದ ಹಳೆಯ ಶಂಖಗಳನ್ನು ಒಡೆದವೆಂದೋ ಮಾಸಿದವೆಂದೋ ಎಸೆಯದೆ, ಕುದಿಸಿ ತೊಳೆದು ಮತ್ತೆ ತೊಟ್ಟಿಯಲ್ಲೇ ಇಡಬೇಕು.

ಶಂಖ ಕೊಳ್ಳುವಾಗ ಸ್ವಲ್ಪ ಎಚ್ಚರಿಕೆ ಬೇಕು, ಏಕೆಂದರೆ ನಾಟಿಲಸ್‌ನಂಥ ಕೆಲವು ಚಿಪ್ಪುಗಳ ವ್ಯಾಪಾರವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಡೆದಿದೆ. ಕೊಡಗಿನಲ್ಲಿರುವವರಿಗೆ ಒಂದು ಸುಲಭದ ದಾರಿಯೂ ಇದೆ. ಶನಿವಾರಸಂತೆ, ಸೋಮವಾರಪೇಟೆ ಕಡೆಯ ಕಾಫಿ ತೋಟಗಳಿಗೆ ಉಪದ್ರವವಾಗಿರುವ ಆಫ್ರಿಕಾದ ದೈತ್ಯ ಬಸವನಹುಳುವಿನ ಖಾಲಿ ಚಿಪ್ಪನ್ನು, ಅದು ಹಬ್ಬಿರುವ ಸಾಗರ ದ್ವೀಪಗಳಲ್ಲಿ ಸನ್ಯಾಸಿ ಏಡಿಗಳು ಧಾರಾಳವಾಗಿ ಹೊತ್ತು ತಿರುಗುತ್ತವೆ. ಹಗುರವಾಗಿರುವುದು ಅದರ ಗುಣ, ತೆಳುವಾಗಿ ಬೇಗ ಬಿರುಕು ಬಿಡುವುದು ಅದರ ದೋಷ. ಆದರೆ ಹುಳುವನ್ನು ಕೊಲ್ಲಲು ವಿಷದ ಗುಳಿಗೆ ಹಾಕಿದ ತೋಟದಿಂದ ಚಿಪ್ಪು ಆರಿಸಬಾರದು, ಜೀವಂತ ಹುಳುವನ್ನು ಬರಿಗೈಯಲ್ಲಿ ಮುಟ್ಟಲೂಬಾರದು. ಸಿಕ್ಕಿದ ಚಿಪ್ಪನ್ನು ಹತ್ತು ನಿಮಿಷ ಕುದಿಸಿ, ಉಜ್ಜಿ, ಒಣಗಿಸಿಯೇ ಬಳಸಬೇಕು. ನನ್ನ ತೊಟ್ಟಿಯ ಮಧ್ಯಮಗಾತ್ರದ ಏಡಿಯೊಂದು ಟರ್ಬೊ ಎಂಬ ದುಂಡು ಬಾಯಿಯ ಶಂಖವನ್ನು ಬಿಟ್ಟು ಇಂಥ ಚಿಪ್ಪಿಗೆ ಹೋದ ವಾರವೇ, ಆ ಟರ್ಬೊಗೆ ಇನ್ನೆರಡು ಏಡಿಗಳು ಸರದಿಯಂತೆ ಬದಲಾಯಿಸಿಕೊಂಡವು. ಒಂದು ಶಂಖ ಖಾಲಿಯಾದರೆ ಸಾಲಾಗಿ ಮನೆ ಬದಲಾಗುವುದು ಇವುಗಳ ಸ್ವಭಾವ. ಜಗಳ ನಿಲ್ಲಿಸಲು ಅದನ್ನೇ ಬಳಸಿಕೊಳ್ಳಬಹುದು.

ತಟ್ಟೆಯಲ್ಲಿ ಮಾಂಸವಿದೆಯೇ?

ಶಂಖಕ್ಕೆ ಕೈಹಾಕದೆ ನೇರವಾಗಿ ಕಾಲುಗಳನ್ನು ಕಚ್ಚುವ ಏಡಿಯನ್ನು ಕಂಡರೆ ಆಹಾರವನ್ನು ನೋಡಬೇಕು. ಏಡಿ ಸಸ್ಯಾಹಾರಿ ಎಂಬ ತಪ್ಪು ತಿಳಿವಳಿಕೆಯಿಂದ ಸೌತೆಕಾಯಿ, ಸೇಬು, ಅನ್ನದ ಮೇಲೆ ಅದನ್ನು ಸಾಕುವವರಿದ್ದಾರೆ. ಪೊರೆ ಬಿಡುವ ಮುನ್ನ ಮತ್ತು ನಂತರ ಅದಕ್ಕೆ ಪ್ರೋಟೀನ್ ಮತ್ತು ಸುಣ್ಣದ ಅಂಶ ಹೆಚ್ಚು ಬೇಕು. ತಟ್ಟೆಯಲ್ಲಿ ಸಿಗದಿದ್ದರೆ ಪಕ್ಕದ ಏಡಿಯ ಮೈಯಲ್ಲಿ ಅದು ಇದ್ದೇ ಇದೆ. ಒಣಮೀನಿನ ಅಂಗಡಿಯ ಒಣ ಸಿಗಡಿ ಒಳ್ಳೆಯದು, ಆದರೆ ಉಪ್ಪು ಹಾಕಿ ಒಣಗಿಸಿದ್ದಲ್ಲವೆಂದು ಕೇಳಿ ತರಬೇಕು. ಬೇಯಿಸಿದ ಮೊಟ್ಟೆಯ ತುಣುಕು, ಮಸಾಲೆಯಿಲ್ಲದ ಮೀನು, ಎಳೆಯ ತೆಂಗಿನ ತಿರುಳು, ದಾಸವಾಳದ ಹೂವು, ಇವು ವಾರದಲ್ಲಿ ಸರದಿಯಾಗಿ ಬರಲಿ. ಸುಣ್ಣದ ಅಂಶಕ್ಕಾಗಿ ಗ್ರಂಧಿಗೆ ಅಂಗಡಿಯಲ್ಲಿ ಸಮುದ್ರನೊರೆ ಎಂದು ಕೇಳಿದರೆ ಬಿಳಿಯ ಹಗುರ ತುಂಡು ಕೊಡುತ್ತಾರೆ. ಅದು ಕಟಲ್ ಮೀನಿನ ಒಳ ಎಲುಬು, ಒಂದು ತುಂಡು ತೊಟ್ಟಿಯಲ್ಲಿ ತಿಂಗಳುಗಟ್ಟಲೆ ಬಾಳುತ್ತದೆ. ತಟ್ಟೆ ಒಂದೇ ಇದ್ದರೆ ಬಲವಾದದ್ದು ಅದನ್ನು ಕಾಯುತ್ತದೆ, ಎರಡು ಮೂಲೆಗಳಲ್ಲಿ ಎರಡು ತಟ್ಟೆ ಇಡುವುದು ಲೇಸು. ಏಡಿಗೆ ನಾನು ಸಿಗಡಿ ತರುವುದನ್ನು ಕಂಡು ನಮ್ಮ ಅತ್ತೆಯವರು, ಕಕ್ಕಡದಲ್ಲಿ ಗದ್ದೆ ಏಡಿಯನ್ನು ನಾವು ಸಾರು ಮಾಡುತ್ತೇವೆ, ನೀವು ಏಡಿಗೇ ಸಾರು ಬಡಿಸುತ್ತಿದ್ದೀರಲ್ಲ ಎಂದಿದ್ದರು.

ನೀರಿನ ಬಟ್ಟಲುಗಳೂ ಎರಡು ಇರಬೇಕು, ಒಂದು ಸಿಹಿನೀರಿನದು, ಇನ್ನೊಂದು ಲೀಟರಿಗೆ ಸುಮಾರು 35 ಗ್ರಾಂ ಅಕ್ವೇರಿಯಂನ ಸಮುದ್ರ ಉಪ್ಪು ಕರಗಿಸಿದ್ದು. ಅಡುಗೆ ಉಪ್ಪು ಇದಕ್ಕೆ ಆಗದು. ನಲ್ಲಿಯ ನೀರಿಗೆ ಕ್ಲೋರಿನ್ ತೆಗೆಯುವ ದ್ರವ ಹಾಕಿಯೇ ಬಳಸಬೇಕು.

ಚಳಿ, ಹೀಟರ್, ಮತ್ತು ಸುಳ್ಳು ಹೇಳುವ ಮಾಪಕ

ಡಿಸೆಂಬರ್ ಜನವರಿಯಲ್ಲಿ ದೋಷದ ದಿಕ್ಕು ತಿರುಗುತ್ತದೆ. ಏಡಿಗಳಿಗೆ ಬೇಕಾದದ್ದು 24ರಿಂದ 29 ಡಿಗ್ರಿ ಸೆಲ್ಸಿಯಸ್ ಬಿಸಿ, ಶೇ 75ರಿಂದ 85ರಷ್ಟು ತೇವಾಂಶ. ಸಮುದ್ರಮಟ್ಟದಿಂದ 1,100 ಮೀಟರಿಗಿಂತ ಎತ್ತರದ ಮಡಿಕೇರಿಯಲ್ಲಿ ಆ ರಾತ್ರಿಗಳ ಚಳಿ ಏಡಿಗಳನ್ನು ಮಂಕಾಗಿಸುತ್ತದೆ. ಇದನ್ನು ಕಂಡು ಕೋಣೆಗೆ ಹೀಟರ್ ಹಾಕಿದರೆ ಬಿಸಿ ಬರುತ್ತದೆ, ಆದರೆ ಗಾಳಿ ಒಣಗುತ್ತದೆ. ಕಿವಿರು ಒಣಗಿದ ಏಡಿಗಳು ನೀರಿನ ಬಟ್ಟಲಿನ ಸುತ್ತ, ತೊಟ್ಟಿಯ ಒಂದೇ ಬೆಚ್ಚಗಿನ ಮೂಲೆಯಲ್ಲಿ ಒತ್ತೊತ್ತಾಗಿ ಸೇರಿ ಹತ್ತಿಳಿದು ತಳ್ಳಾಡುತ್ತವೆ. ಕಾದಾಟ ಯಾವಾಗಲೂ ಒಂದೇ ಮೂಲೆಯಲ್ಲಿ ನಡೆಯುತ್ತಿದ್ದರೆ, ಆ ಮೂಲೆಯಲ್ಲಿ ಏನಿದೆ ಎಂದು ಕೇಳಿಕೊಳ್ಳಬೇಕು. ಕರೆಂಟಿನಿಂದ ಬಿಸಿಯಾಗುವ ಹೀಟ್ ಮ್ಯಾಟನ್ನು ತಳಕ್ಕೆ ಹಾಕದೆ, ಮರಳಿನ ಮಟ್ಟಕ್ಕಿಂತ ಮೇಲೆ ಹಿಂಬದಿಯ ಗಾಜಿಗೆ ಹೊರಗಿನಿಂದ ಅಂಟಿಸಿ, ಮೇಲೆ ದಪ್ಪ ಬಟ್ಟೆ ಮುಚ್ಚಿದರೆ ಈ ತೊಂದರೆ ಇಲ್ಲ. ಗಾಳಿಗೆ ಮರ ಬಿದ್ದು ಕರೆಂಟ್ ಹೋಗಿ ಮೂರು ದಿನ ಬಾರದಿದ್ದಾಗ, ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ತೊಟ್ಟಿಯ ಹೊರಬದಿಗೆ ಒತ್ತಿ ಇಟ್ಟು ನಾವು ನಿಭಾಯಿಸಿದ್ದೇವೆ.

ಆದರೆ ತೇವಾಂಶ ಮಾಪಕದ ಅಂಕೆಯನ್ನು ನಂಬುವ ಮೊದಲು ಮಾಪಕವನ್ನೇ ಪರೀಕ್ಷಿಸಬೇಕು. ಬಾಟಲಿಯ ಮುಚ್ಚಳದಲ್ಲಿ ಒಂದು ಚಮಚ ಅಡುಗೆ ಉಪ್ಪು ಹಾಕಿ, ಕರಗದಂತೆ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ಮಾತ್ರ ನೀರು ಬೆರೆಸಿ, ಮಾಪಕದ ಜೊತೆಗೆ ಗಾಳಿಯಾಡದ ಜಿಪ್ ಚೀಲದಲ್ಲಿ 24 ಗಂಟೆ ಇಟ್ಟರೆ, ಒಳಗಿನ ತೇವಾಂಶ ಶೇ 75ಕ್ಕೆ ಬಂದು ನಿಲ್ಲುತ್ತದೆ. ಮಾಪಕ 66 ತೋರಿಸಿದರೆ ಅದು ಒಂಬತ್ತು ಕಡಿಮೆ ಹೇಳುತ್ತಿದೆ ಎಂದರ್ಥ. ನನ್ನ ಮೊದಲ ಮುಳ್ಳಿನ ಮಾಪಕ ಹೀಗೆಯೇ ಕಡಿಮೆ ತೋರಿಸುತ್ತಿತ್ತು. ಅದನ್ನು ನಂಬಿ ದಿನಕ್ಕೆರಡು ಬಾರಿ ನೀರು ಚಿಮುಕಿಸಿದ್ದರಿಂದಲೇ ತಳದಲ್ಲಿ ಆ ಎರಡು ಬೆರಳು ನೀರು ನಿಂತದ್ದು.

ತೋಟದಿಂದ ಬಂದ ಕೊಂಬೆ

ಕಾದಾಟವಲ್ಲದ್ದನ್ನು ಕಾದಾಟವೆಂದು ತಿಳಿಯುವುದಕ್ಕೆ ನಮ್ಮ ಜಿಲ್ಲೆಗೆ ವಿಶೇಷವಾದ ಕಾರಣ ಒಂದಿದೆ. ಮಳೆಗೆ ಮುಂಚೆ ಕಾಫಿಗೂ ಕಾಳುಮೆಣಸಿಗೂ ಬೋರ್ಡೊ ದ್ರಾವಣ ಹೊಡೆಯುತ್ತಾರೆ. ಅದು ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ, ಅಂದರೆ ತಾಮ್ರ. ಏಡಿ, ಸಿಗಡಿಗಳ ಜಾತಿಗೆ ತಾಮ್ರ ಸಣ್ಣ ಪ್ರಮಾಣದಲ್ಲಿಯೂ ವಿಷ. ಏಡಿ ಹತ್ತಲೆಂದು ಕಾಫಿ ಗಿಡದ ಚಂದದ ಕೊಂಬೆಯನ್ನೋ, ಬಳ್ಳಿ ಹಬ್ಬಿದ್ದ ಮರದ ತೊಗಟೆಯನ್ನೋ, ತೋಟದ ಒಣ ಎಲೆಯನ್ನೋ ತಂದಿಟ್ಟ ಮೇಲೆ ಏಡಿಗಳು ಮಂಕಾಗಿ, ಶಂಖದಿಂದ ಅರ್ಧ ಹೊರಗೆ ಜೋಲಿ, ಕಾಲುಗಳನ್ನು ಇಡಿಯಾಗಿ ಕಳಚುತ್ತಿದ್ದರೆ, ಅಲ್ಲಿ ಅಪರಾಧಿಯಾದ ಏಡಿ ಯಾವುದೂ ಇಲ್ಲ. ಕೊಂಬೆ, ಮರಳು, ನೀರು ಎಲ್ಲವನ್ನೂ ಬದಲಾಯಿಸಬೇಕು. ಮನೆಯ ಹಿತ್ತಲಿನ, ಯಾವ ಔಷಧಿಯನ್ನೂ ಹೊಡೆಯದ ಸೀಬೆ ಮರದ ಕೊಂಬೆ ಈ ಕೆಲಸಕ್ಕೆ ಸಾಕು. ಪೂಜೆಯ ತಾಮ್ರದ ಚೊಂಬಿನಲ್ಲಿಟ್ಟ ನೀರನ್ನೂ ತೊಟ್ಟಿಗೆ ಹಾಕಬಾರದು.

ಮತ್ತೆ ಒಟ್ಟಿಗೆ ಬಿಡುವಾಗ

ಸುಮಾರು 40 ಲೀಟರಿನ ತೊಟ್ಟಿಗೆ ಎರಡು ಮೂರು ಸಣ್ಣ ಅಥವಾ ಮಧ್ಯಮ ಏಡಿಗಳಿಗಿಂತ ಹೆಚ್ಚು ಬೇಡ. ನನ್ನ ಐದು ಏಡಿಗಳು ಅಂದು ಇದ್ದದ್ದು ಅಷ್ಟೇ ಗಾತ್ರದ ತೊಟ್ಟಿಯಲ್ಲಿ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಕಾರಣ ಸರಿಪಡಿಸಿದ ಮೇಲೆ ಬೇರ್ಪಡಿಸಿದ ಏಡಿಯನ್ನು ಮರಳಿ ಬಿಡುವ ಮುನ್ನ ಒಳಗಿನ ಗೂಡು, ಕೊಂಬೆ, ತಟ್ಟೆಗಳ ಜಾಗವನ್ನು ಅದಲುಬದಲು ಮಾಡಿ, ಎಲ್ಲ ಏಡಿಗಳನ್ನೂ ಒಂದೇ ಉಪ್ಪುನೀರಿನ ಬಟ್ಟಲಿನಲ್ಲಿ ಅದ್ದಿ ಬಿಡುತ್ತೇನೆ. ವಾಸನೆ ಒಂದಾದರೆ ಹೊಸಬನೆಂಬ ಗದ್ದಲ ಕಡಿಮೆ ಎಂದು ನನ್ನ ಅನುಭವ. ಸಂಜೆ ಹೊಟ್ಟೆ ತುಂಬಿಸಿಯೇ ಬಿಡಬೇಕು, ಮೊದಲ ರಾತ್ರಿ ಕೆಂಪು ಬೆಳಕಿನಲ್ಲಿ ಕಾವಲು ಕೂರಬೇಕು. ಪೊರೆ ಬಿಟ್ಟು ಬಂದ ಏಡಿಯಾದರೆ ಅದು ತಾನಾಗಿ ಮರಳಿನಿಂದ ಮೇಲೆ ಬಂದು, ಗಟ್ಟಿಯಾದ ಕಾಲುಗಳಲ್ಲಿ ಕೊಂಬೆ ಹತ್ತುವವರೆಗೂ ಬಾಟಲಿಯ ಕೊಳವೆಯನ್ನು ತೆಗೆಯಬಾರದು.

ಅಂದು ಡಬ್ಬಿಗೆ ಹಾಕಿದ್ದ ದೊಡ್ಡ ಏಡಿ ಹತ್ತೊಂಬತ್ತು ದಿನಗಳ ನಂತರ ತೊಟ್ಟಿಗೆ ಮರಳಿತು. ಮಾಪಕ ಹೊಸದಾಗಿತ್ತು, ತಳ ಆರಿತ್ತು, ಉಳಿದವುಗಳಲ್ಲಿ ಎರಡನ್ನು ಇನ್ನೊಂದು ತೊಟ್ಟಿಗೆ ಸಾಗಿಸಿದ್ದೆ. ಸಣ್ಣ ಏಡಿ ಮೂರು ಕಾಲು ಕಡಿಮೆಯಾಗಿದ್ದರೂ ಬದುಕಿಕೊಂಡು, ದೊಡ್ಡದು ತಿನ್ನುತ್ತಿದ್ದ ತಟ್ಟೆಯ ಇನ್ನೊಂದು ಅಂಚಿನಿಂದ ಸಿಗಡಿಯ ತಲೆಯೊಂದನ್ನು ನಿಧಾನವಾಗಿ ಎಳೆದುಕೊಂಡು ಹೋಯಿತು.